ಐದು ಆರು ಸೊನ್ನೆ ಸೊನ್ನೆ ಏಳು ಸೊನ್ನೆ

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ಊರೂರಿಗೆ ಕಳಿಸುತ್ತೇನೆ. ಪ್ರತಿ ಡಬ್ಬದ ಮೇಲೂ ಮಾರ್ಕರಿನಲ್ಲಿ ವಿಳಾಸ ಬರೆದು, ಕೊನೆಗೆ ಪಿನ್‌ಕೋಡ್: 560070. ಎಂಟು ವರ್ಷದಿಂದ ಬರೆಯುತ್ತಿದ್ದೇನೆ. ಅದೂ ಒಂದು ಸಂಖ್ಯೆ ಅಂತ ನೋಡಿರಲೇ ಇಲ್ಲ.

ಹೋದ ಶನಿವಾರ ಮಗಳು ಪಕ್ಕದಲ್ಲಿ ಕೂತು ಅಪವರ್ತನದ ಲೆಕ್ಕ ಮಾಡುತ್ತಿದ್ದಳು. "ಅಮ್ಮ, ಒಂದು ದೊಡ್ಡ ಸಂಖ್ಯೆ ಕೊಡು" ಅಂದಳು. ಕೈಯಲ್ಲಿದ್ದ ಡಬ್ಬ ತೋರಿಸಿದೆ.

ಪಾರ್ಸೆಲ್ ಸುತ್ತುವ ಕಂದು ಕಾಗದದ ಮೇಲೇ ಶುರು ಮಾಡಿದೆವು. ಕೊನೆಗೆ ಸೊನ್ನೆ ಇದೆ, ಹತ್ತರಿಂದ ಹೋಗುತ್ತದೆ: 56007. ಅಂಕಿಗಳನ್ನು ಕೂಡಿದರೆ 18, ಹಾಗಾಗಿ ಒಂಬತ್ತರಿಂದ ಹೋಗಲೇಬೇಕು: 6223. ಇಲ್ಲಿ ಅವಳು ನಿಂತಳು. ನಾನು ಮಗ್ಗಿ ಹಿಡಿದೆ. 62ರಲ್ಲಿ ಏಳೆಂಟ್ಲ ಐವತ್ತಾರು, ಉಳಿದದ್ದು ಆರು. ಪಕ್ಕದ ಎರಡನ್ನು ಇಳಿಸಿದರೆ ಮತ್ತೆ 62, ಮತ್ತೆ ಏಳೆಂಟ್ಲ ಐವತ್ತಾರು! ಕೊನೆಗೆ 63, ಏಳೊಂಬತ್ಲ. ಬಂತು 889. ಅದೂ ಏಳರಿಂದ ಹೋಗಿ 127 ಆಯಿತು. ಅದು ಅವಿಭಾಜ್ಯ, ಮುಂದೆ ಒಡೆಯುವುದಿಲ್ಲ.

2 × 3 × 3 × 5 × 7 × 7 × 127. ಇಷ್ಟೂ ನಮ್ಮ ಬಡಾವಣೆಯ ಹೊಟ್ಟೆಯಲ್ಲಿತ್ತು!

ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 72. ಅದನ್ನೇ ಬಿಟ್ಟು ಉಳಿದ 71ನ್ನು ಕೂಡಿದರೆ 11,47,194, ಅಂದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಹೀಗೆ ಮೊತ್ತ ತನ್ನನ್ನೇ ಮೀರಿದರೆ ಅದು ಸಮೃದ್ಧ ಸಂಖ್ಯೆ. ಹೆಸರು ಎಷ್ಟು ಚೆನ್ನಾಗಿದೆ ಅಲ್ವಾ? ಇನ್ನೊಂದು ಹೆಸರೂ ಇದಕ್ಕೆ ಸಲ್ಲುತ್ತದೆ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗ ಹೋಗುವ ಸಂಖ್ಯೆಗೆ ಹರ್ಷದ ಸಂಖ್ಯೆ, ಸಂತೋಷ ಕೊಡುವುದು, ಅಂತ ಹೆಸರಿಟ್ಟವರು ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ. ಆರ್. ಕಾಪ್ರೇಕರ್. ನಮ್ಮದು 18 × 31115. ಮೇಷ್ಟ್ರು ಇಟ್ಟ ಹೆಸರು ಅಂತ ಕೇಳಿ ನನಗೆ ಇನ್ನೂ ಖುಷಿಯಾಯಿತು.

ನಾನೇ ಕಂಡುಕೊಂಡದ್ದೂ ಒಂದಿದೆ. 560000 ಏಳರಿಂದ ಹೋಗುತ್ತದೆ, ಅದೇ ಏಳೆಂಟ್ಲ. ಹಾಗಾಗಿ 560ರಿಂದ ಶುರುವಾಗುವ ಯಾವ ಪಿನ್‌ಕೋಡಿಗೂ ಸುಮ್ನೆ ಕೊನೆಯ ಅಂಕಿಗಳನ್ನು ನೋಡಿದರೆ ಸಾಕು. ತ್ಯಾಗರಾಜನಗರದ 28 ಹೋಗುತ್ತದೆ. ಬಸವನಗುಡಿಯ 04 ಹೋಗುವುದಿಲ್ಲ.

ಮೂರನೇ ಹಂತದಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದೆ. "ನಮ್ಮದು ನೋಡೇ ಅಕ್ಕ" ಅಂದಳು. 560085. ಮೂರು, ಐದು ಬೇಗ ಹೋದವು. ಉಳಿದದ್ದು 37339. ಏಳರಿಂದ ಹೋಗಲಿಲ್ಲ, ಹನ್ನೊಂದರಿಂದ ಹೋಗಲಿಲ್ಲ. 193ರವರೆಗೆ ನೋಡಬೇಕು, ಯಾಕೆಂದರೆ 194ರ ವರ್ಗ ಇದನ್ನು ದಾಟಿಬಿಡುತ್ತದೆ. ಅಲ್ಲಿಯವರೆಗೆ 44 ಅವಿಭಾಜ್ಯ ಸಂಖ್ಯೆಗಳಿವೆ. ಅಮ್ಮ ಮಗಳು ಹಂಚಿಕೊಂಡು ಒಂದೊಂದಾಗಿ ಹಾಕಿ ನೋಡಿದೆವು. ಯಾವುದಕ್ಕೂ ಬಗ್ಗಲಿಲ್ಲ. ಅದೂ ಅವಿಭಾಜ್ಯ!

ಅಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಕಾಗದದ ಎರಡೂ ಬದಿ ತುಂಬಿತ್ತು. ಅದನ್ನು ಮಡಿಸಿ ಅವಳ ಪುಸ್ತಕದಲ್ಲಿಟ್ಟು, ಡಬ್ಬ ಸುತ್ತಲು ಬೇರೆ ಹಾಳೆ ಕತ್ತರಿಸಿಕೊಂಡೆ.