2024ರ ಸ್ಟ್ಯಾನ್ಲಿ ಕಪ್ ಫೈನಲ್, ಪೆನ್ಸಿಲ್ ಹಿಡಿದು: ಕೆಲಸ ಎಲ್ಲಿಗೆ ಬಂತು

ನವೆಂಬರ್

ಈ ಚಳಿಗಾಲಕ್ಕೆ ಹಿಡಿದ ಕೆಲಸ: ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಕಪ್‌ಗಾಗಿ ನಡೆಯೋ ಸರಣಿ, ಅಂದರೆ 2024ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳೂ ಪಂದ್ಯಗಳನ್ನು ಮೊದಲಿಂದ ಮತ್ತೆ ನೋಡಿ, ಗೋಲಿನತ್ತ ಹೋದ ಪ್ರತಿ ಹೊಡೆತವನ್ನೂ ಕಾಗದದ ಮೇಲೆ ಗುರುತು ಹಾಕೋದು. ಫ್ಲಾರಿಡಾ ಪ್ಯಾಂಥರ್ಸ್ ಮತ್ತು ಎಡ್ಮಂಟನ್ ಆಯಿಲರ್ಸ್ ನಡುವಿನ ಆ ಸರಣಿ ಮುಗಿದರೂ ಅದರ ವಾದ ನಮ್ಮ ಮನೆಗಳಲ್ಲಿ ಮುಗಿದಿಲ್ಲ. ನಾನಿರೋದು ಎಡ್ಮಂಟನ್‌ನಲ್ಲಿ. ಅಕ್ಕ-ಭಾವ ಇರೋದು ಮುನ್ನೂರು ಕಿಲೋಮೀಟರ್ ದಕ್ಷಿಣಕ್ಕೆ, ಕ್ಯಾಲ್ಗರಿಯಲ್ಲಿ. ಆಲ್ಬರ್ಟಾದ ಈ ಎರಡು ಊರುಗಳ ಹಾಕಿ ಅಭಿಮಾನಿಗಳಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗೋದಿಲ್ಲ. ಭಾವ ಕ್ಯಾಲ್ಗರಿಯ ತಂಡ ಫ್ಲೇಮ್ಸ್ ಕಡೆ, ನಾನು ಆಯಿಲರ್ಸ್ ಕಡೆ. ಹಬ್ಬಕ್ಕೆ ಸೇರಿದರೂ ಮಾತು ಇದಕ್ಕೇ ಬಂದು ನಿಲ್ಲುತ್ತೆ.

ಹಾಕಿ ನೋಡದವರಿಗೆ ಎರಡು ಮಾತು. ಸರಣಿಯಲ್ಲಿ ಹೆಚ್ಚೆಂದರೆ ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಫ್ಲಾರಿಡಾ 3-0, 4-1, 4-3ರಿಂದ ಮೊದಲ ಮೂರನ್ನೂ ಗೆದ್ದುಕೊಂಡಿತು. ಅಲ್ಲಿಂದ ಎಡ್ಮಂಟನ್ 8-1, 5-3, 5-1ರಿಂದ ಮೂರನ್ನೂ ತಿರುಗಿಸಿತು. ಜೂನ್ 24ರ ಏಳನೇ ಪಂದ್ಯ 2-1ರಿಂದ ಫ್ಲಾರಿಡಾ ಪಾಲಾಯಿತು. ಫೈನಲ್‌ನಲ್ಲಿ 0-3ರಿಂದ ಎದ್ದು ಕಪ್ ಗೆದ್ದ ತಂಡ ಇವತ್ತಿಗೂ ಒಂದೇ: 1942ರ ಟೊರಾಂಟೊ ಮೇಪಲ್ ಲೀಫ್ಸ್. 1945ರಲ್ಲಿ ಡೆಟ್ರಾಯಿಟ್ ಹಾಗೇ 3-3ರ ತನಕ ಬಂದು ಕೊನೆಯಲ್ಲಿ ಸೋತಿತ್ತು. ಅದಾದ ಮೇಲೆ ಅಷ್ಟು ದೂರ ಬಂದದ್ದು ಎಡ್ಮಂಟನ್ನೇ.

ಭಾವನ ವಾದ ಒಂದೇ ಸಾಲಿನದು. "ಎಡ್ಮಂಟನ್ ಎದ್ದಿದ್ದಲ್ಲಪ್ಪ, ಫ್ಲಾರಿಡಾ ಮಲಗಿದ್ದು. ಮೂರು ಗೆದ್ದ ಮೇಲೆ ಯಾರಿಗಾದರೂ ಮೈಮರೆವು ಬರುತ್ತೆ." ನನಗೆ ಇದು ಒಪ್ಪಿಗೆಯಿಲ್ಲ. ಆಟದಲ್ಲೇ ಏನೋ ಬದಲಾಗಿತ್ತು ಅನ್ನೋದು ನನ್ನ ಅನಿಸಿಕೆ, ಅದು ಏನು ಅಂತ ಕಾಗದದ ಮೇಲೆ ಕಾಣಬೇಕು.

ಹಾಳೆ ತಯಾರಾಯ್ತು. ಐಸಿನ ಅಂಗಣ 200 ಅಡಿ ಉದ್ದ, 85 ಅಡಿ ಅಗಲ. ಅದನ್ನೇ ಅಳತೆಗೆ ಇಳಿಸಿ ಗೆರೆ ಎಳೆದು ನಕಲು ತೆಗೆಸಿಕೊಂಡೆ. ಇಪ್ಪತ್ತು ನಿಮಿಷದ ಒಂದೊಂದು ಅವಧಿಗೆ ಒಂದೊಂದು ಹಾಳೆ. ಹೊಡೆತಕ್ಕೆ ಸಣ್ಣ ಸೊನ್ನೆ, ಗೋಲಾದರೆ ಸೊನ್ನೆ ತುಂಬಿಸೋದು, ಕಂಬಕ್ಕೆ ಬಡಿದರೆ ಅಡ್ಡಗೆರೆ. ಕಂಬದ್ದನ್ನು ಬೇರೆ ಇಡೋದಕ್ಕೆ ಕಾರಣ ಇದೆ: ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಕಂಬಕ್ಕೆ ಬಡಿದು ಆಚೆ ಹೋದರೆ ಅಧಿಕೃತ ಲೆಕ್ಕದಲ್ಲಿ ಅದು ಗೋಲಿಗೆ ಹೊಡೆತವೇ ಅಲ್ಲ. ಅಭಿಮಾನಿಗಳ ಅರ್ಧ ಜಗಳ ಹುಟ್ಟೋದೇ ಇಲ್ಲಿ. ಒಬ್ಬ ಹೊಡೆತದ ಲೆಕ್ಕ ಹೇಳಿದರೆ ಇನ್ನೊಬ್ಬ ಕಂಬದ ಲೆಕ್ಕ ತೆಗೀತಾನೆ.

ಡಿಸೆಂಬರ್

ಮೊದಲ ಮೂರು ಪಂದ್ಯಗಳ ಹಾಳೆ ಮುಗಿದವು. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿಗೆ ಹೋಗಿ ಬದಲಾಗ್ತಾ ಇರ್ತಾರೆ, ಹಾಗಾಗಿ ಯಾರು ಹೊಡೆದರು ಅಂತ ಹಿಡಿಯೋಕೆ ವೇಗ ಅರ್ಧಕ್ಕೆ ಇಳಿಸಿ ನೋಡಬೇಕು. ನಿಧಾನದ ಕೆಲಸ, ಆದರೆ ಬೇಸರ ಬಂದಿಲ್ಲ.

ಮೊದಲ ಪಂದ್ಯದ ಹಾಳೆಯೇ ಯೋಚನೆಗೆ ಹಚ್ಚಿತು. ಎಡ್ಮಂಟನ್ 32 ಹೊಡೆತ ಹೊಡೆದಿದೆ, ಫ್ಲಾರಿಡಾ ಬರೀ 18. ಆದರೂ ಪಂದ್ಯ 3-0 ಫ್ಲಾರಿಡಾಕ್ಕೆ. ಗೋಲ್‌ಕೀಪರ್ ಸೆರ್ಗೈ ಬಾಬ್ರೋವ್‌ಸ್ಕಿ 32ಕ್ಕೆ 32ನ್ನೂ ತಡೆದಿದ್ದಾರೆ. ಸೊನ್ನೆಗಳು ಗೋಲಿನ ಮುಂದೆಯೇ ಗುಂಪಾಗಿವೆ, ದೂರದ ಸುಮ್ಮನೆ ಹೊಡೆತಗಳಲ್ಲ. ಮೂರನೇ ಪಂದ್ಯದಲ್ಲೂ ಹಾಗೇ, ಮತ್ತೆ 32 ತಡೆ. ಇದನ್ನು ನೋಡಿ ಗೋಲ್‌ಕೀಪರ್ ಒಬ್ಬರೇ ಸರಣಿ ಎತ್ತಿಕೊಂಡು ಹೋದರು ಅನ್ನೋಕೆ ಹೊರಟಿದ್ದೆ.

ಆಗ ಮಾತಾಡಿದ್ದು ಅಕ್ಕನ ಮಗಳು. ಕ್ಯಾಲ್ಗರಿಯ ಹುಡುಗಿಯರ ತಂಡವೊಂದರಲ್ಲಿ ಅವಳೇ ಗೋಲ್‌ಕೀಪರ್. ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಮಾವ, ಹೊಡೆತ ಎಲ್ಲಿಂದ ಬಂತು ಅಂತ ಹಾಕಿದೀರ. ಅದಕ್ಕೆ ಮುಂಚೆ ಪಕ್ ಎಲ್ಲಿತ್ತು ಅಂತ ಹಾಕೇ ಇಲ್ಲವಲ್ಲ" ಅಂದಳು. ಆಮೇಲೆ ಸೋಫಾದಿಂದ ಎದ್ದು, ಮಂಡಿ ಬಗ್ಗಿಸಿ ನಿಂತು ತೋರಿಸಿದಳು. ಪಕ್ ಎದುರಿಂದ ಬಂದರೆ ಮೈ ಆಗಲೇ ಸರಿಯಾದ ಕಡೆ ನಿಂತಿರುತ್ತೆ, ತಡೆದರೆ ಆಯ್ತು. ಎಡದಿಂದ ಬಲಕ್ಕೆ ಗೋಲಿನ ಮುಂದೆಯೇ ಅಡ್ಡ ಪಾಸ್ ಹೋಗಿ, ಅಲ್ಲಿಂದ ತಕ್ಷಣ ಹೊಡೆದರೆ, ಕಣ್ಣು ಮೊದಲು ತಿರುಗಬೇಕು, ಆಮೇಲೆ ಕಾಲು ತಳ್ಳಬೇಕು. ಕಾಲು ತಳ್ಳೋ ಹೊತ್ತಿಗೆ ಎರಡು ಮಂಡಿ ನಡುವೆ ಜಾಗ ತೆರೆದುಕೊಳ್ಳುತ್ತೆ, ಭುಜ ಒಂದು ಕಡೆ ವಾಲುತ್ತೆ. ಅವಳು ಕಾರ್ಪೆಟ್ ಮೇಲೆ ಜಾರಿ ತೋರಿಸಿದಾಗ ಆ ತೆರಪು ನನ್ನ ಕಣ್ಣಿಗೇ ಕಾಣಿಸಿತು.

ಅಲ್ಲಿಗೆ ಹಾಳೆಯಲ್ಲಿ ಹೊಸ ಗುರುತು ಸೇರಿತು. ಹೊಡೆತಕ್ಕೆ ಮುಂಚೆ ಪಕ್ ಅಂಗಣದ ಉದ್ದದ ನಡುಗೆರೆ ದಾಟಿ ಈ ಬದಿಯಿಂದ ಆ ಬದಿಗೆ ಬಂದಿದ್ದರೆ ಕೆಂಪು ಪೆನ್ಸಿಲ್‌ನಲ್ಲಿ ಬಾಣ. ಮೊದಲ ಮೂರು ಪಂದ್ಯಗಳನ್ನು ಈ ಕಣ್ಣಿಂದ ಮತ್ತೆ ನೋಡಬೇಕಾಯ್ತು. ಎಡ್ಮಂಟನ್ ಕಡೆ ಕೆಂಪು ಬಾಣ ತೀರ ಕಡಿಮೆ. ಫ್ಲಾರಿಡಾದವರು ತಮ್ಮ ಕಡೆಯ ಭಾಗ ಶುರುವಾಗೋ ನೀಲಿ ಗೆರೆಯ ಹತ್ತಿರವೇ ಸಾಲಾಗಿ ನಿಂತು ದಾರಿ ಮುಚ್ಚಿಬಿಡ್ತಾರೆ. ಪಕ್ ಹಿಡಿದುಕೊಂಡು ಒಳಗೆ ಬರೋಕೆ ಬಿಡೋದಿಲ್ಲ, ಮೂಲೆಗೆ ಎಸೆದು ಓಡಿಬಾ ಅಂತಾರೆ. ಮೂಲೆಯಿಂದ ತೆಗೆದ ಪಕ್ ಗೋಲಿನತ್ತ ಬರೋ ಹೊತ್ತಿಗೆ ಬಾಬ್ರೋವ್‌ಸ್ಕಿ ಸಿದ್ಧವಾಗಿ ನಿಂತಿರ್ತಾರೆ. ಹೊಡೆತ ತಡೆದಿದ್ದು ಅವರೇ, ಅವರಿಗೆ ಕಾಣುವ ಹಾಗೆ ಹೊಡೆತ ಕಳಿಸಿಕೊಟ್ಟಿದ್ದು ಮುಂದೆ ನಿಂತ ಐದು ಜನ.

ಜನವರಿ

ನಾಲ್ಕು, ಐದು, ಆರು. ಈ ಕೆಲಸದ ಜೀವ ಇರೋದು ಈ ಮೂರು ಪಂದ್ಯಗಳಲ್ಲಿ.

ನಾಲ್ಕನೇ ಪಂದ್ಯ, ಜೂನ್ 15, ಎಡ್ಮಂಟನ್‌ನ ರೋಜರ್ಸ್ ಪ್ಲೇಸ್. ಮೊದಲ ಗೋಲು ಬಂದದ್ದು ಎಡ್ಮಂಟನ್ ಒಬ್ಬ ಆಟಗಾರ ಕಡಿಮೆ ಇದ್ದಾಗ. ಎರಡು ನಿಮಿಷದ ಶಿಕ್ಷೆ ನಡೀತಿದೆ, ಪವರ್ ಪ್ಲೇ ಫ್ಲಾರಿಡಾದ್ದು, ಐದು ಜನ ನಾಲ್ಕು ಜನರ ಮೇಲೆ ಬರ್ತಿದಾರೆ. ಅಷ್ಟರಲ್ಲಿ ಕಾನರ್ ಬ್ರೌನ್ ಪಕ್ ಕಿತ್ತುಕೊಂಡು ಓಡಿದರು, ಜೊತೆಗೆ ಮಟಿಯಾಸ್ ಯಾನ್‌ಮಾರ್ಕ್. ಬ್ರೌನ್ ಅಡ್ಡ ಪಾಸ್ ಕೊಟ್ಟರು, ಯಾನ್‌ಮಾರ್ಕ್ ಗೋಲು ಹಾಕಿದರು. ಆ ಸರಣಿಯಲ್ಲಿ ನಾನು ಎಳೆದ ಅತ್ಯಂತ ಉದ್ದದ ಕೆಂಪು ಬಾಣಗಳಲ್ಲಿ ಇದೊಂದು. ಅಲ್ಲಿಂದ ಹಾಳೆ ತುಂಬ ಕೆಂಪು. ಬಾಬ್ರೋವ್‌ಸ್ಕಿ 16 ಹೊಡೆತದಲ್ಲಿ 5 ಗೋಲು ಬಿಟ್ಟು ಬೆಂಚಿಗೆ ಹೋದರು.

ಮೊದಲ ಪಂದ್ಯದಲ್ಲಿ 32 ಹೊಡೆತಕ್ಕೆ ಒಂದೂ ಗೋಲಿಲ್ಲ, ನಾಲ್ಕರಲ್ಲಿ 16ಕ್ಕೆ ಐದು. ಅದೇ ಗೋಲ್‌ಕೀಪರ್, ಒಂದು ವಾರದ ಅಂತರ. ಎರಡೂ ಹಾಳೆಗಳನ್ನು ಭಾವನ ಮುಂದೆ ಅಕ್ಕಪಕ್ಕ ಇಟ್ಟೆ. ಸೊನ್ನೆಗಳು ಹೆಚ್ಚೂಕಡಿಮೆ ಅವೇ ಜಾಗದಲ್ಲಿವೆ, ಬಾಣಗಳು ಮಾತ್ರ ಬೇರೆ. ಮೈಮರೆತು ಮಲಗಿದವರ ಮೇಲೆ ಹೊಡೆತ ಹೆಚ್ಚಾಗಬೇಕಿತ್ತು. ಇಲ್ಲಿ ಹೆಚ್ಚಾದದ್ದು ಪಕ್ ಅಡ್ಡ ಹೋಗೋದು.

ಐದನೇ ಪಂದ್ಯದಲ್ಲಿ ಮತ್ತೆ ಅದೇ ಕತೆ. ಫ್ಲಾರಿಡಾದ ಪವರ್ ಪ್ಲೇ ನಡೀತಿರುವಾಗಲೇ ಬ್ರೌನ್ ಮೊದಲ ಗೋಲು ಹಾಕ್ತಾರೆ. ಆಮೇಲೆ ಕೋರಿ ಪೆರಿಯ ಗೋಲು. ಅದನ್ನು ನಾನು ವೇಗ ಇಳಿಸಿ ಎಷ್ಟೋ ಸಲ ನೋಡಿದೆ. ಎಡ್ಮಂಟನ್ ನಾಯಕ ಕಾನರ್ ಮೆಕ್‌ಡೇವಿಡ್ ಪಕ್ ಹಿಡಿದು ಫ್ಲಾರಿಡಾದ ಆಟಗಾರರ ನಡುವೆ ನುಗ್ತಾರೆ. ಕೋಲು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಅಡ್ಡ ನಿಂತವರು ಕಾಲು ತಿರುಗಿಸೋದರೊಳಗೆ ಇವರು ದಾಟಿಯಾಗಿದೆ, ಬಾಬ್ರೋವ್‌ಸ್ಕಿ ಪೂರ್ತಿ ಇವರ ಕಡೆ ವಾಲಿದಾರೆ. ಇವರು ಹೊಡೆಯೋದಿಲ್ಲ. ಗೋಲಿನ ಆ ಬದಿಯಲ್ಲಿ ಕಾದಿರೋ ಪೆರಿಗೆ ತಳ್ತಾರೆ. ಎದುರಿಗೆ ಬರೀ ಬಲೆ. ಆ ಪಂದ್ಯದಲ್ಲಿ ಮೆಕ್‌ಡೇವಿಡ್‌ಗೆ ನಾಲ್ಕು ಅಂಕ, ಹಿಂದಿನದರಲ್ಲೂ ನಾಲ್ಕು. ಫೈನಲ್‌ನಲ್ಲಿ ಸತತ ಎರಡು ಪಂದ್ಯ ಹೀಗೆ ಮಾಡಿದವರು ಅವರಿಗಿಂತ ಮುಂಚೆ ಯಾರೂ ಇಲ್ಲ. ಗೋಲು ಹಾಕಿದರೂ ಒಂದು ಅಂಕ, ಪಾಸ್ ಕೊಟ್ಟು ಹಾಕಿಸಿದರೂ ಒಂದು ಅಂಕ ಅನ್ನೋದು ಹಾಕಿಯ ಲೆಕ್ಕ.

ಆರರಲ್ಲಿ ಲಿಯಾನ್ ಡ್ರೈಸೈಟ್ಲ್ ಕೊಟ್ಟ ಪಾಸಿಗೆ ವಾರೆನ್ ಫೋಗಲ್ ಮೊದಲ ಗೋಲು. ಎರಡನೇ ಅವಧಿಯ 46ನೇ ಸೆಕೆಂಡಿನಲ್ಲಿ ಆ್ಯಡಮ್ ಹೆನ್ರಿಕ್ ಇನ್ನೊಂದು. ಹತ್ತೇ ಸೆಕೆಂಡಿಗೆ ಫ್ಲಾರಿಡಾ ನಾಯಕ ಅಲೆಕ್ಸಾಂಡರ್ ಬಾರ್ಕೋವ್ ಹಾಕಿದ ಗೋಲನ್ನು ಆಫ್‌ಸೈಡ್ ಅಂತ ರದ್ದು ಮಾಡಿದರು. ಸ್ಯಾಮ್ ರೈನ್‌ಹಾರ್ಟ್ ಪಕ್‌ಗಿಂತ ಮುಂಚೆ ನೀಲಿ ಗೆರೆ ದಾಟಿದ್ದರು ಅಂತ ಎಡ್ಮಂಟನ್ ಕೋಚ್ ಕ್ರಿಸ್ ನೋಬ್ಲಾಕ್ ಸವಾಲು ಹಾಕಿದ್ದು ನಿಂತಿತು. ಭಾವ ಇವತ್ತಿಗೂ ಬಿಡದೆ ಹಿಡಿದಿರೋದು ಇದನ್ನೇ: "ಅದು ಉಳಿದಿದ್ದರೆ ಸರಣಿ ಆವತ್ತೇ ಮುಗೀತಿತ್ತು." ಚಿತ್ರ ನಿಲ್ಲಿಸಿ ನೋಡಿದೆವು. ಕೂದಲೆಳೆಯಷ್ಟೇ ಅಂತರ, ಆದರೆ ಮುಂಚೆ ದಾಟಿದ್ದು ನಿಜ. ನಿಯಮ ನಿಯಮವೇ.

ಇಷ್ಟಾದ ಮೇಲೆ ನನ್ನ ಮಾತು ಇದು: ಫ್ಲಾರಿಡಾ ಮಲಗಲಿಲ್ಲ. ಎಡ್ಮಂಟನ್ ಹೊಡೆತ ಹೆಚ್ಚಿಸಲಿಲ್ಲ, ಗೋಲ್‌ಕೀಪರನ್ನು ಪಕ್ಕಕ್ಕೆ ಓಡಿಸೋದನ್ನು ಕಂಡುಕೊಂಡಿತು. ಅದಕ್ಕೆ ಬಾಗಿಲು ತೆರೆದದ್ದು ಒಬ್ಬ ಕಡಿಮೆ ಇದ್ದಾಗ ಆಡಿದ ಧೈರ್ಯದ ಆಟ. ಆ ವರ್ಷದ ಪ್ಲೇಆಫ್ (ಕಪ್‌ಗಾಗಿ ನಡೆಯೋ ನಾಲ್ಕು ಸುತ್ತಿನ ಕೊನೆಯ ಹಂತ) ಉದ್ದಕ್ಕೂ ಎದುರಾಳಿಯ ಪವರ್ ಪ್ಲೇಗಳಲ್ಲಿ ನೂರಕ್ಕೆ 94ರಷ್ಟನ್ನು ಗೋಲು ಕೊಡದೇ ಕಳೆದ ತಂಡ ಅದು. ಮೆಕ್‌ಡೇವಿಡ್ ಬಗ್ಗೆ ಮಾತಾಡೋ ಊರು ಯಾನ್‌ಮಾರ್ಕ್, ಬ್ರೌನ್ ಬಗ್ಗೆ ಅದರ ಅರ್ಧವಾದರೂ ಮಾತಾಡಬೇಕು.

ಫೆಬ್ರವರಿ

ಏಳನೇ ಪಂದ್ಯ. ಫಲಿತಾಂಶ ಗೊತ್ತಿದ್ದೂ ಈ ಹಾಳೆಗೆ ಕೈ ಹಾಕೋಕೆ ಮನಸ್ಸು ಬರ್ತಿರಲಿಲ್ಲ.

ಫ್ಲಾರಿಡಾದ ಸನ್‌ರೈಸ್ ಊರಿನ ಅಂಗಣ. ಮೊದಲ ಅವಧಿಯ 4:27ಕ್ಕೆ ಫ್ಲಾರಿಡಾದ ಕಾರ್ಟರ್ ವರ್‌ಹೇಗಿ ಗೋಲು, 6:44ಕ್ಕೆ ಯಾನ್‌ಮಾರ್ಕ್ ಸಮ. ಆಮೇಲೆ ಎರಡನೇ ಅವಧಿಯ 15:11ಕ್ಕೆ ರೈನ್‌ಹಾರ್ಟ್ ಬಲಬದಿಯಿಂದ ಬಂದು ಹೊಡೆದ ಗೋಲು. ಗೋಲುಗಳು ಇಷ್ಟೇ. ಎಡ್ಮಂಟನ್ ಹೊಡೆತ 24, ಅದರಲ್ಲಿ 23 ತಡೆ. ಕೆಂಪು ಬಾಣಗಳು ಮತ್ತೆ ಕಾಣೆ! ಫ್ಲಾರಿಡಾದ ಕೋಚ್ ಪಾಲ್ ಮೊರೀಸ್ ಅವರ ತಂಡ ಮೊದಲ ಮೂರು ಪಂದ್ಯದ ಆಟಕ್ಕೇ ವಾಪಸ್ ಹೋಗಿದೆ. ನೀಲಿ ಗೆರೆಯಲ್ಲಿ ಸಾಲು, ನಡುವೆ ಕೋಲುಗಳ ಬೇಲಿ.

ಮೂರನೇ ಅವಧಿಯಲ್ಲಿ ಒಂದು ಗಳಿಗೆ ಇದೆ. ಪಕ್ ಗೋಲಿನ ಬಾಯಲ್ಲೇ ಬಿದ್ದಿದೆ, ಮೆಕ್‌ಡೇವಿಡ್ ಕೋಲು ಹಾಕ್ತಿದಾರೆ, ಪಕ್ಕದಲ್ಲೇ ಅವರದೇ ತಂಡದ ಝ್ಯಾಕ್ ಹೈಮನ್. ಫ್ಲಾರಿಡಾದ ಗುಸ್ತಾವ್ ಫೋರ್ಸ್‌ಲಿಂಗ್ ಹೈಮನ್ ಅವರ ಕೋಲನ್ನು ಕೆಳಗಿಂದ ಎತ್ತಿಬಿಡ್ತಾರೆ, ಅಷ್ಟೇ. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ, ನನ್ನ ಹಾಳೆಯಲ್ಲೂ ಗುರುತಿರಲಿಲ್ಲ. ಅಂಚಿನಲ್ಲಿ ಅಕ್ಷರದಲ್ಲೇ ಬರೆದೆ. 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ ಕೆನಡಾದ ಯಾವ ತಂಡಕ್ಕೂ ಕಪ್ ಸಿಕ್ಕಿರಲಿಲ್ಲ. ಅಷ್ಟು ವರ್ಷದ ಕಾಯುವಿಕೆ ಆ ಕೋಲಿನ ಮೇಲೆ ನಿಂತಿತ್ತು.

ಏಳೂ ಪಂದ್ಯ ಕೂಡಿಸಿದರೆ ಎಡ್ಮಂಟನ್ 23 ಗೋಲು, ಫ್ಲಾರಿಡಾ 18. ಹೆಚ್ಚು ಹಾಕಿದವರು ಸೋತರು.

ಇನ್ನು ಟ್ರೋಫಿಯ ಜಗಳ. ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಕಾನ್ ಸ್ಮೈಥ್ ಸೋತ ತಂಡದ ಮೆಕ್‌ಡೇವಿಡ್‌ಗೆ ಹೋಯ್ತು. ಹೀಗೆ ಸೋತವರಿಗೆ ಸಿಕ್ಕಿದ್ದು ಅವರಿಗೂ ಸೇರಿ ಆರು ಜನಕ್ಕೆ ಮಾತ್ರ, ಗೋಲ್‌ಕೀಪರ್‌ಗಳನ್ನು ಬಿಟ್ಟರೆ 1976ರ ರೆಗಿ ಲೀಚ್ ಒಬ್ಬರೇ ಮುಂಚಿನವರು. "ಕೊನೆಯ ಎರಡು ಪಂದ್ಯದಲ್ಲಿ ಒಂದಂಕ ಇಲ್ಲ, ಬಾಬ್ರೋವ್‌ಸ್ಕಿಗೋ ಬಾರ್ಕೋವ್‌ಗೋ ಕೊಡಬೇಕಿತ್ತು" ಅಂತಾರೆ ಭಾವ. ಅಂಕ ಇಲ್ಲದ್ದು ನಿಜ. ಆದರೆ ಈ ಟ್ರೋಫಿ ಫೈನಲ್‌ನದಲ್ಲ, ನಾಲ್ಕೂ ಸುತ್ತಿನದು. 42 ಅಂಕ, ಅದರಲ್ಲಿ ಹಾಕಿಸಿದ ಗೋಲು 34. ವೇಯ್ನ್ ಗ್ರೆಟ್ಸ್ಕಿ 1988ರಲ್ಲಿ ಇದೇ ಎಡ್ಮಂಟನ್ ಅಂಗಿಯಲ್ಲಿ ಮಾಡಿದ್ದ 31ರ ದಾಖಲೆ ಅಲ್ಲಿಗೆ ಮುರೀತು. ಬಾಬ್ರೋವ್‌ಸ್ಕಿ ಮೊದಲ ಮೂರರಲ್ಲಿ ಬಿಟ್ಟ ಗೋಲು ನಾಲ್ಕು, ಮುಂದಿನ ಮೂರರಲ್ಲಿ ಹನ್ನೆರಡು, ಕೊನೆಯದರಲ್ಲಿ ಒಂದು. ಬಾರ್ಕೋವ್ ಹೆಸರು ಹೇಳಿದರೆ ನಾನು ಗೌರವದಿಂದ ಕೇಳ್ತೀನಿ. ಎರಡನೇ ಪಂದ್ಯದಲ್ಲಿ ತಲೆಗೆ ಏಟು ತಿಂದು ಹೊರಗೆ ಹೋಗಿ, ಮೂರನೆಯದಕ್ಕೆ ಬಂದು ಗೋಲು ಹಾಕಿದವರು ಅವರು. ಆದರೂ ನನ್ನ ಮತ ಮೆಕ್‌ಡೇವಿಡ್‌ಗೇ. ಅವತ್ತು ಟ್ರೋಫಿ ತಗೊಳ್ಳೋಕೆ ಅವರು ಐಸ್ ಮೇಲೆ ಬರಲಿಲ್ಲ. ಅದನ್ನು ಸೊಕ್ಕು ಅಂದವರ ಜೊತೆ ನನಗೆ ವಾದವೇ ಬೇಡ.

ಫ್ಲಾರಿಡಾ ಗೆಲ್ಲೋದು ಅಲ್ಲಿ ತೆರಿಗೆ ಕಡಿಮೆ ಅಂತ ಒಳ್ಳೆ ಆಟಗಾರರು ಹೋಗೋದರಿಂದ ಅನ್ನೋ ವಾದವೂ ಇದೆ, ಅದನ್ನು ಬೇಗ ಮುಗಿಸ್ತೀನಿ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಸಂಬಳಕ್ಕೆ ಮಿತಿ ಇರೋ ಲೀಗ್‌ನಲ್ಲಿ ಅದು ಅನುಕೂಲವೇ. ಆದರೆ ತೆರಿಗೆ ಇಲ್ಲದ ಅದೇ ಫ್ಲಾರಿಡಾ 1996ರಿಂದ 2022ರ ತನಕ ಒಂದು ಪ್ಲೇಆಫ್ ಸರಣಿಯನ್ನೂ ಗೆದ್ದಿರಲಿಲ್ಲ. 2022ರಲ್ಲಿ ಆಟಗಾರ ಮ್ಯಾಥ್ಯೂ ಕಚಕ್ ಅವರನ್ನು ಕ್ಯಾಲ್ಗರಿಯಿಂದಲೇ ತಂದ ಮೇಲೆ ಸತತ ಫೈನಲ್. ಇದು ಭಾವನಿಗೆ ನೋವಿನ ವಿಷಯ, ಹೆಚ್ಚು ಕೆದಕೋದಿಲ್ಲ.

ಮುಂದಕ್ಕೆ

2025ರ ಫೈನಲ್‌ಗೆ ಹಾಳೆ ನಕಲು ಮಾಡಿಸಿದೆ. ಅದೇ ಎರಡು ತಂಡ, ಫ್ಲಾರಿಡಾ 4-2ರಿಂದ ಗೆದ್ದದ್ದು. ಅಲ್ಲಿ ಜಗಳ ಎಡ್ಮಂಟನ್ ಗೋಲ್‌ಕೀಪರ್‌ಗಳದ್ದು: ನಾಲ್ಕನೇ ಪಂದ್ಯದಲ್ಲಿ 0-3 ಆದಾಗ ಸ್ಟುವರ್ಟ್ ಸ್ಕಿನ್ನರ್ ಅವರನ್ನು ತೆಗೆದು ಕ್ಯಾಲ್ವಿನ್ ಪಿಕರ್ಡ್ ಅವರನ್ನು ನಿಲ್ಲಿಸಿದರು, ಎಡ್ಮಂಟನ್ 5-4ರಿಂದ ಗೆದ್ದಿತು. ಐದರಲ್ಲಿ ಪಿಕರ್ಡ್, ಆರರಲ್ಲಿ ಮತ್ತೆ ಸ್ಕಿನ್ನರ್. ಇಬ್ಬರ ಮೇಲೂ ಬಿದ್ದ ಹೊಡೆತಗಳಲ್ಲಿ ಕೆಂಪು ಬಾಣ ಎಷ್ಟು ಅಂತ ನೋಡದೇ ಯಾರ ಮೇಲೂ ತಪ್ಪು ಹೊರಿಸೋದು ಬೇಡ ಅಂದಿದಾಳೆ ಅಕ್ಕನ ಮಗಳು. ಈ ಸಲ ಮೊದಲ ಪಂದ್ಯದ ಬಾಣಗಳನ್ನು ಅವಳೇ ಎಳೀತಾಳೆ, ಸೊನ್ನೆಗಳು ನನ್ನವು. ಗಡಿಯಾರ ನೋಡಿ ಸಮಯ ಬರೆದುಕೊಡೋಕೆ ಭಾವ ಒಪ್ಪಿದಾರೆ.