ಶಾಮರೆಲ್‌ನ ಬಣ್ಣದ ಮಣ್ಣು: ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ

ಮಾರಿಷಸ್‌ಗೆ ಹೋಗಿ ಶಾಮರೆಲ್‌ನ ಏಳು ಬಣ್ಣದ ಮಣ್ಣು ನೋಡಿ ‘ಇಷ್ಟೇನಾ?’ ಅಂದವರು ಕಡಿಮೆಯೇನಿಲ್ಲ. ಎಷ್ಟು ಗಂಟೆಗೆ ಹೋಗಿದ್ದಿರಿ ಎಂದು ಕೇಳಿದರೆ ಹನ್ನೆರಡೋ ಒಂದೋ ಅನ್ನುತ್ತಾರೆ. ಅಲ್ಲೇ ಕೆಟ್ಟಿತು. ನೆತ್ತಿಯ ಮೇಲಿನ ಬಿಸಿಲಿಗೆ ದಿಬ್ಬಗಳ ನೆರಳು ಮಾಯವಾಗಿ, ಮಣ್ಣೆಲ್ಲ ಒಂದೇ ಇಟ್ಟಿಗೆ ಪುಡಿಯ ರಾಶಿಯಂತೆ ಕಾಣುತ್ತದೆ. ಬೇಕಾದ್ದು ಬೆಳಗಿನ ಓರೆ ಬಿಸಿಲು. ಹಿಂದಿನ ರಾತ್ರಿ ನಾಲ್ಕು ಹನಿ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಆಗಷ್ಟೇ ಒರೆಸಿದ ರೆಡ್ ಆಕ್ಸೈಡ್ ನೆಲ ಹೇಗೆ ಗಾಢವಾಗುತ್ತದೋ ಹಾಗೆ ಈ ಮಣ್ಣೂ. ಹೋಲಿಕೆಯೂ ಸುಮ್ಮನೆ ಕೊಟ್ಟದ್ದಲ್ಲ: ಎರಡರಲ್ಲೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡೇ.

ಜಾಗ ದ್ವೀಪದ ನೈಋತ್ಯದಲ್ಲಿ, ಗುಡ್ಡದ ಮೇಲಿನ ಸಣ್ಣ ಊರಿನ ಪಕ್ಕ. ಬಸ್ಸು ನಂಬಿಕೊಂಡರೆ ಬೆಳಗು ಕೈತಪ್ಪುತ್ತದೆ. ಬಾಡಿಗೆ ಕಾರೋ ಟ್ಯಾಕ್ಸಿಯೋ ವಾಸಿ. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ. ಪಶ್ಚಿಮ ಕರಾವಳಿಯ ಕಾಸ್ ನೊಯಾಲ್‌ನಿಂದ ಹತ್ತುವ ದಾರಿಯಲ್ಲಿ ಹೇರ್‌ಪಿನ್ ತಿರುವುಗಳಿವೆ. ಘಾಟಿ ಕಂಡವರಿಗೆ ಹೊಸದಲ್ಲ, ಆದರೆ ಸಣ್ಣ ಎಂಜಿನ್ನಿನ ಕಾರಿಗೆ ನಾಲ್ಕು ಜನ ತುಂಬಿದರೆ ಏದುಸಿರು ಬಿಡುತ್ತದೆ. ಟ್ಯಾಕ್ಸಿಯವರಿಗೆ ‘ಬಣ್ಣದ ಮಣ್ಣು’ ಎಂದಷ್ಟೇ ಹೇಳಬೇಡಿ. ದಕ್ಷಿಣದ ಶಾಮೂನಿ ಬಳಿ ‘ಇಪ್ಪತ್ತಮೂರು ಬಣ್ಣ’ ಎಂದು ಹೆಸರು ಹೊತ್ತ ಇನ್ನೊಂದು ಜಾಗ ಇದೆ. ಶಾಮರೆಲ್ ಎಂದು ಊರಿನ ಹೆಸರನ್ನೇ ಹೇಳಿ.

ಒಂದೇ ಟಿಕೆಟ್ಟಿನಲ್ಲಿ ಜಲಪಾತವೂ ಮಣ್ಣೂ ಸೇರಿವೆ. ಒಳಗೆ ಹೋದ ಮೇಲೆ ಮೊದಲು ಸಿಗುವುದು ಜಲಪಾತದ ವೀಕ್ಷಣಾ ಕಟ್ಟೆ. ಎಲ್ಲರೂ ಅಲ್ಲಿ ಇಳಿಯುತ್ತಾರೆ. ನೀವು ಇಳಿಯದೆ ನೇರ ಮುಂದಕ್ಕೆ ಹೋಗಿ. ಸುಮಾರು ನೂರು ಮೀಟರ್ ಎತ್ತರದಿಂದ ಬೀಳುವ ನೀರು ಮಧ್ಯಾಹ್ನಕ್ಕೂ ಬೀಳುತ್ತಲೇ ಇರುತ್ತದೆ, ಮಣ್ಣಿನ ಬಣ್ಣ ಮಾತ್ರ ಕಾಯುವುದಿಲ್ಲ.

ದಿಬ್ಬಗಳು ಹರಡಿರುವುದು ಸುಮಾರು 7,500 ಚದರ ಮೀಟರ್, ಅಂದರೆ ಎರಡು ಎಕರೆಗೂ ಕಡಿಮೆ. ಸುತ್ತ ಕಾಡಿನ ಹಸಿರು, ನಡುವೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ನೆಲ. ಬೇಲಿ ದಾಟಿ ಇಳಿಯುವಂತಿಲ್ಲ. ಒಂದು ಹೆಜ್ಜೆ ಗುರುತು ಮೂಡಿದರೂ ಅದು ಮಾಸಲು ಎಷ್ಟೋ ಮಳೆ ಬೇಕು. ಬೇಲಿಗೆ ಒರಗಿ ಒಂದೇ ದಿಬ್ಬವನ್ನು ಐದು ನಿಮಿಷ ನೋಡಿ. ಮಳೆನೀರು ಕೊರೆದ ಬೆರಳಗಲದ ಗೀರುಗಳು ಮೇಲಿಂದ ಕೆಳಗೆ ಇಳಿದಿರುತ್ತವೆ. ಗೀರಿನ ಒಂದು ದಡ ರಾಗಿ ಹಿಟ್ಟಿನ ಬಣ್ಣ, ಇನ್ನೊಂದು ದಡ ಬದನೆಕಾಯಿ ಸಿಪ್ಪೆಯ ನೇರಳೆ, ತಳದಲ್ಲಿ ಕಾವಿ. ಏಳು ಬಣ್ಣ ಎಣಿಸಲೇಬೇಕೆಂದು ಹಟ ಹಿಡಿದರೆ ನಿರಾಶೆಯೇ. ಕೆಂಪು, ಕಂದು, ಹಳದಿ, ನೇರಳೆ ಢಾಳಾಗಿವೆ. ಹಸಿರು, ನೀಲಿ ಎನ್ನುವುದು ಬೂದಿಗೆ ಹತ್ತಿರದ ಛಾಯೆ ಅಷ್ಟೇ.

ಇಷ್ಟಕ್ಕೂ ಇದು ಜ್ವಾಲಾಮುಖಿ ಉಗುಳಿದ ಬಣ್ಣವಲ್ಲ. ಲಾವಾ ಆರಿ ಆದದ್ದು ಕಪ್ಪು ಬಸಾಲ್ಟ್. ಆ ಕಲ್ಲಿನ ಹೆಚ್ಚುಕಡಿಮೆ ಅರ್ಧ ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ಅದೇ ಅಂಶ. ಬಿಸಿ ಹವೆ, ಜೋರು ಮಳೆ ಸೇರಿ ಲಕ್ಷಾಂತರ ವರ್ಷ ಕಲ್ಲನ್ನು ಕೊಳೆಸಿ ಜೇಡಿ ಮಾಡಿದವು. ನೀರಿನಲ್ಲಿ ಕರಗಬಲ್ಲ ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಮೊದಲು ಹೋದವು, ಸಿಲಿಕಾ ನಿಧಾನವಾಗಿ ಹಿಂಬಾಲಿಸಿತು. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಕಬ್ಬಿಣದ ಕಡೆಯಿಂದ ಕೆಂಪು, ಕಂದು, ಕಪ್ಪುಛಾಯೆ; ಅಲ್ಯೂಮಿನಿಯಂ ಹೆಚ್ಚಿದ್ದಲ್ಲಿ ನೀಲಿ–ನೇರಳೆ ಕಡೆಗೆ ವಾಲುತ್ತದೆ. ಗಿಡಕ್ಕೆ ಬೇಕಾದ್ದೆಲ್ಲ ತೊಳೆದು ಹೋಗಿರುವುದರಿಂದಲೇ ಅಲ್ಲಿ ಏನೂ ಬೆಳೆಯದು. ನಮ್ಮ ಕರಾವಳಿಯ ಮುರಕಲ್ಲು ಆದದ್ದೂ ಇದೇ ಬಗೆಯ ತೊಳೆತದಿಂದ. ಅದು ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗಿ ಗೋಡೆಗೆ ಬರುತ್ತದೆ, ಇದು ಮಣ್ಣಾಗಿಯೇ ಉಳಿದಿದೆ.

ಫೋಟೊ ಕೆಡುವುದು ಸಾಮಾನ್ಯವಾಗಿ ಫೋನಿನ ಜಾಣತನದಿಂದ. ಚೌಕಟ್ಟಿನ ತುಂಬ ಕೆಂಪೇ ಕಂಡರೆ ಅದು ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಸರಿಮಾಡಲು ಹೋಗಿ ಕೆಂಪನ್ನು ಸಪ್ಪೆ ಮಾಡುತ್ತದೆ. ಪ್ರೊ ಮೋಡಿನಲ್ಲಿ ಡೇಲೈಟ್‌ಗೆ, ಸುಮಾರು 5,500 ಕೆಲ್ವಿನ್‌ಗೆ ನಿಲ್ಲಿಸಿ, ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಅರ್ಧ ಸ್ಟಾಪ್ (−0.5) ಇಳಿಸಿ. ಹಿನ್ನೆಲೆಯಲ್ಲಿ ಒಂದಿಷ್ಟು ಕಾಡು ಬರಲಿ. ಕ್ಯಾಮೆರಾ ಇದ್ದರೆ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ, ಒದ್ದೆ ಮಣ್ಣಿನ ಹೊಳಪು ಕಡಿಮೆಯಾಗಿ ಬಣ್ಣ ಮೇಲೆ ಬರುತ್ತದೆ. ಮೋಡ ಕವಿದರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು, ಕಾಯಬೇಕು. ಮಕ್ಕಳಿದ್ದರೆ ಪಕ್ಕದಲ್ಲೇ ದೈತ್ಯ ಆಮೆಗಳಿವೆ, ಕಾಯುವ ಹೊತ್ತು ಹಗುರಾಗುತ್ತದೆ.

ಮೇಯಿಂದ ಅಕ್ಟೋಬರ್ ತಂಪು ಮತ್ತು ಒಣ ಕಾಲ. ಜನವರಿ–ಮಾರ್ಚ್ ಚಂಡಮಾರುತದ ದಿನಗಳು. ಜಲಪಾತ ತುಂಬಿರುತ್ತದೆ, ಬಿಸಿಲಿನ ಭರವಸೆ ಇಲ್ಲ. ಮುಂದೆ ಪ್ಲೇನ್ ಶಾಂಪೇನ್ ಎಂಬ ಎತ್ತರದ ಬಯಲಿನ ಮೇಲಿಂದ ಗಂಗಾ ತಲಾವ್ ಎಂಬ ಕೆರೆಗೆ ಹೋಗುವುದಾದರೆ ಒಂದು ಜಾಕೆಟ್ ಇರಲಿ, ಮೇಲೆ ಮಂಜು. ಆ ಕೆರೆ ಹಳೆಯ ಜ್ವಾಲಾಮುಖಿಯ ಬಾಯಿಯೇ. ದಡದ ಶಿವ 108 ಅಡಿ. ಮುರುಡೇಶ್ವರದ 123 ಅಡಿ ಕಂಡವರು ಮನಸ್ಸಿನಲ್ಲೇ ಅಳೆದುಕೊಳ್ಳುತ್ತಾರೆ. ಕರಾವಳಿಗೇ ವಾಪಸಾಗುವುದಾದರೆ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನೇ ತುಳಿಯುತ್ತ ಬಂದರೆ ಅರ್ಧ ದಾರಿಗೇ ಸುಟ್ಟ ವಾಸನೆ.

ಅಂಗಡಿಯಲ್ಲಿ ಗಾಜಿನ ಸಣ್ಣ ಕೊಳವೆಗಳಲ್ಲಿ ಬಣ್ಣದ ಮಣ್ಣು ಪದರ ಪದರವಾಗಿ ತುಂಬಿ ಮಾರುತ್ತಾರೆ. ಕೊಳ್ಳುವ ಮೊದಲು ನೆನಪಿರಲಿ: ಹೊರದೇಶದ ಮಣ್ಣನ್ನು ಭಾರತಕ್ಕೆ ತರಲು ಪರವಾನಗಿ ಬೇಕು. ಅದರ ಬದಲು ಶಾಮರೆಲ್‌ನಲ್ಲೇ ಬೆಳೆದು ಹುರಿದ ಕಾಫಿಯ ಒಂದು ಪೊಟ್ಟಣ ತನ್ನಿ.