ಮೇಷ್ಟ್ರು ಕಲಿಸಿದ ಜರ್ಮನ್ನರು

1989ರ ನವೆಂಬರ್ 9ರಂದು ಕಮ್ಯುನಿಸ್ಟರ ಪೂರ್ವ ಬರ್ಲಿನ್ನನ್ನು ಪಶ್ಚಿಮದಿಂದ ಬೇರ್ಪಡಿಸಿದ್ದ ಬರ್ಲಿನ್ ಗೋಡೆ ಬಿತ್ತು. ಆಗ ನಾವು ಬಿ.ಎ. ಮೊದಲ ವರ್ಷದಲ್ಲಿದ್ದೆವು. ರಾಜ್ಯಶಾಸ್ತ್ರದ ಪಾಠ ಇನ್ನೂ ಪ್ಲೇಟೋ ಹತ್ತಿರವೇ ಇತ್ತು. ಸಿಲಬಸ್ ಪ್ರಕಾರ ಮಾರ್ಕ್ಸ್ ಬರಬೇಕಾದದ್ದು ಕಟ್ಟಕಡೆಗೆ. ಮೇಷ್ಟ್ರು ಪ್ಲೇಟೋನನ್ನು ಅರ್ಧಕ್ಕೆ ನಿಲ್ಲಿಸಿದರು. ಪೇಪರಿನಲ್ಲಿ ಬಂದಿದ್ದ ಗೋಡೆಯ ಫೋಟೋವನ್ನು ಎಲ್ಲರಿಗೂ ತೋರಿಸಿ, "ಮಾರ್ಕ್ಸನ ಕಥೆ ಮುಗಿಯಿತು ಅಂತ ಇನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕೆ ಮುಂಚೆ ಅವನು ಎಲ್ಲಿಂದ ಶುರು ಮಾಡಿದ ಅಂತ ನಾವು ನೋಡುವ" ಎಂದರು.

ಮೇಷ್ಟ್ರು ಕಾಸರಗೋಡಿನ ಕಡೆಯವರು. ಮೈಸೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಆ ಕಡೆಯದೇ. ಯಾವ ಚಿಂತಕನ ಹೆಸರು ಬಂದರೂ ಅವರು ಕೇಳುತ್ತಿದ್ದುದು ಒಂದೇ: ಇದನ್ನು ಯಾವಾಗ ಹೇಳಿದ್ದು, ಎಲ್ಲಿ ಹೇಳಿದ್ದು, ಯಾರಿಗೆ ಹೇಳಿದ್ದು? "ಅದು ಗೊತ್ತಿಲ್ಲದೆ ಏನು ಹೇಳಿದ್ದು ಅಂತ ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ ಮಾರಾಯ" ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ನಮ್ಮ ಕೈಗೆಲ್ಲ ಗೈಡ್ ಬಂದಿತ್ತು. ಅದರಲ್ಲಿ ಪ್ರತಿ ಚಿಂತಕನಿಗೂ ಐದು ಅಂಶ, ಕೊನೆಗೆ ಟೀಕೆಗಳು. ಇವರ ಪ್ರಶ್ನೆಗೆ ಆ ಗೈಡಿನಲ್ಲಿ ಉತ್ತರವೇ ಇರಲಿಲ್ಲ.

ಮಾರ್ಕ್ಸ್ ಅಂದರೆ ಕಾರ್ಖಾನೆ, ಕಾರ್ಮಿಕ, ಕೆಂಪು ಬಾವುಟ ಅಂತ ನಾವು ತಿಳಿದಿದ್ದೆವು. ಮೇಷ್ಟ್ರು ಶುರು ಮಾಡಿದ್ದು ಸೌದೆಯಿಂದ. 1842ರಲ್ಲಿ ಮಾರ್ಕ್ಸ್‌ಗೆ 24 ವರ್ಷ. ಕಲೋನ್ ನಗರದ ಒಂದು ಪತ್ರಿಕೆಗೆ ಬರೆಯುತ್ತಿದ್ದ. ರೈನ್ ಪ್ರಾಂತ್ಯದ ಸಭೆಯಲ್ಲಿ ಅದರ ಹಿಂದಿನ ವರ್ಷ ಒಂದು ಕಾನೂನಿನ ಚರ್ಚೆ ನಡೆದಿತ್ತು. ಕಾಡಿನಲ್ಲಿ ಉದುರಿ ಬಿದ್ದ ಒಣ ಪುಳ್ಳೆಯನ್ನು ಬಡವರು ಆರಿಸಿಕೊಂಡರೂ ಅದು ಕಳ್ಳತನವೇ ಅಂತ ಆ ಕಾನೂನು ಹೇಳುತ್ತಿತ್ತು. ತಲೆತಲಾಂತರದಿಂದ ಬಂದ ಬಡವರ ಹಕ್ಕು ಒಂದೇ ದಿನದಲ್ಲಿ ಅಪರಾಧ ಆಗುವುದು ಹೇಗೆ, ಕಾನೂನು ಮಾಡುವವನೂ ಕಾಡಿನ ಒಡೆಯನೂ ಒಬ್ಬನೇ ಆದರೆ ನ್ಯಾಯ ಎಲ್ಲಿಂದ ಬರಬೇಕು ಅಂತ ಮಾರ್ಕ್ಸ್ ಬರೆದ. ಮಾರನೇ ವರ್ಷ, ಆ ಪ್ರಾಂತ್ಯವನ್ನು ಆಳುತ್ತಿದ್ದ ಪ್ರಷ್ಯಾ ಸರ್ಕಾರ ಆ ಪತ್ರಿಕೆಯನ್ನೇ ಮುಚ್ಚಿಸಿತು. ಹಣಕಾಸಿನ ವಿಚಾರದ ಕಡೆ ತಾನು ಮೊದಲು ತಿರುಗಿದ್ದು ಈ ಪ್ರಕರಣದಿಂದ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ.

ನನ್ನದು ಕಾಡಂಚಿನ ಊರು. ನಮ್ಮವ್ವ ಪುಳ್ಳೆ ಹೊರೆ ಹೊತ್ತು ಬರುವಾಗ ಯಾರಾದರೂ ಎದುರಾದಾರು ಅಂತ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದಳು. ಆ ದಿನ ಕ್ಲಾಸಿನಲ್ಲಿ ಕೂತು ಇದನ್ನು ಕೇಳಿದಾಗ ನನಗೆ ಆದದ್ದನ್ನು ಬಣ್ಣಿಸುವುದು ಕಷ್ಟ. ನಮ್ಮ ಮನೆಯ ಸಂಗತಿಯೂ ರಾಜ್ಯಶಾಸ್ತ್ರವೇ ಅಂತ ಗೊತ್ತಾದದ್ದು ಅವತ್ತು.

ಕೆಲವು ದಿನದ ಮೇಲೆ ಇನ್ನೊಂದು ಪುಟ ತಂದರು. 1867ರಲ್ಲಿ ಬಂದ 'ಬಂಡವಾಳ' ಮೊದಲ ಸಂಪುಟದಲ್ಲಿ ಭಾರತದ ಹಳ್ಳಿಯ ಒಂದು ಚಿತ್ರ ಇದೆ. ಊರಿನ ಮುಖ್ಯಸ್ಥ, ಲೆಕ್ಕ ಬರೆಯುವವನು, ಗಡಿ ಕಾಯುವವನು, ಕೆರೆ ನೀರನ್ನು ಹಂಚುವವನು, ಮರಳಿನ ಮೇಲೆ ಮಕ್ಕಳಿಗೆ ಅಕ್ಷರ ತಿದ್ದಿಸುವವನು, ಕಮ್ಮಾರ, ಬಡಗಿ, ಕುಂಬಾರ, ಅಗಸ ಎಲ್ಲರೂ ಬರುತ್ತಾರೆ. ಓದುತ್ತಾ ಓದುತ್ತಾ ನಮ್ಮ ಗೆಳೆಯನೊಬ್ಬ, "ಸಾರ್, ಇದು ನಮ್ಮ ಶಾನುಭೋಗರು, ನೀರುಗಂಟಿ, ಆಯಗಾರರ ಲೆಕ್ಕ ಅಲ್ವಾ?" ಅಂದ. ಅವರಜ್ಜ ನೀರುಗಂಟಿಯಾಗಿದ್ದವರು. ಮೇಷ್ಟ್ರು ಅಡಿಟಿಪ್ಪಣಿ ತೋರಿಸಿದರು. ಅಲ್ಲಿ ಮಾರ್ಕ್ಸ್ ಹೆಸರಿಸಿದ್ದು ಮಾರ್ಕ್ ವಿಲ್ಕ್ಸ್ ಎಂಬ ಸೇನಾಧಿಕಾರಿಯ ದಕ್ಷಿಣ ಭಾರತದ ಇತಿಹಾಸವನ್ನು. ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. 1810ರಿಂದ ಹೊರಬಂದ ಅವನ ಆ ಪುಸ್ತಕ ಹೆಚ್ಚಾಗಿ ಮೈಸೂರಿನ ಚರಿತ್ರೆಯೇ. ಅದು ಲಂಡನ್ ಸೇರಿ, ಅಲ್ಲಿ ಕೂತು ಬರೆಯುತ್ತಿದ್ದ ಜರ್ಮನ್ ನಿರಾಶ್ರಿತನ ಕೈಗೆ ಸಿಕ್ಕಿತ್ತು.

ಹಾಗಂತ ಮೇಷ್ಟ್ರು ಮಾರ್ಕ್ಸನನ್ನು ಸುಮ್ನೆ ಹೊಗಳಿ ಬಿಡಲಿಲ್ಲ. ಭಾರತದ ಹಳ್ಳಿಯನ್ನು ಒಮ್ಮೆಯೂ ನೋಡದವನು, ಕಂಪನಿ ಅಧಿಕಾರಿಗಳ ವರದಿ ನಂಬಿದವನು, 'ಬದಲಾಗದ ಹಳ್ಳಿ' ಅಂತ ತೀರ್ಮಾನ ಕೊಟ್ಟನಲ್ಲ ಅಂತ ಆಕ್ಷೇಪಿಸುತ್ತಿದ್ದರು. 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಬರೆದ ಲೇಖನದಲ್ಲಿ ಈ ಹಳ್ಳಿಗಳಿಗೆ ಜಾತಿ ಮತ್ತು ಗುಲಾಮಗಿರಿಯ ಸೋಂಕು ಇದೆ ಅಂತ ಅವನು ಗುರುತಿಸಿದ್ದನ್ನೂ ಹೇಳಿದರು. ಆದರೆ ಅದನ್ನು ಅವನು ಅಲ್ಲಿಗೇ ಬಿಟ್ಟ. ನನಗಂತೂ ಇದು ಸಣ್ಣ ಕೊರತೆ ಅಲ್ಲ. ಆಯಗಾರರ ಪಟ್ಟಿಯಲ್ಲಿ ಯಾರಿಗೆ ಕೆರೆ ಮುಟ್ಟುವ ಹಕ್ಕಿತ್ತು, ಯಾರಿಗೆ ಇರಲಿಲ್ಲ ಎಂಬುದು ವಿಲ್ಕ್ಸ್ ಬರೆದ ಪುಟದಿಂದ ಅವನಿಗೆ ಕಾಣುವಂತಿರಲಿಲ್ಲ.

ಮಾರ್ಕ್ಸನಿಗಿಂತ ಹಿಂದಿನ ತತ್ವಜ್ಞಾನಿ ಹೆಗೆಲ್ ಬಗ್ಗೆ ಜಾಸ್ತಿ ಬರೆಯಲಾರೆ. ಮೇಷ್ಟ್ರಿಗೂ ಅವನು ಅಷ್ಟು ಪ್ರೀತಿಯವನಲ್ಲ. ಕುಟುಂಬಕ್ಕೂ ರಾಜ್ಯಕ್ಕೂ ನಡುವೆ ನಾಗರಿಕ ಸಮಾಜ ಅಂತ ಒಂದು ಜಾಗ ಇದೆ, ಅಲ್ಲಿ ಜನ ತಮ್ಮ ತಮ್ಮ ಬೇಕುಗಳಿಗಾಗಿ ಓಡಾಡುತ್ತಾರೆ, ಅದು ತಾನಾಗಿಯೇ ಬಡವರನ್ನು ಹುಟ್ಟಿಸುತ್ತದೆ ಅಂತ 1820ರ ಹೊತ್ತಿಗೇ ಹೇಳಿದನಲ್ಲ, ಅಷ್ಟಕ್ಕೆ ಮಾತ್ರ ಮೇಷ್ಟ್ರು ಅವನಿಗೆ ಪೂರ್ತಿ ಅಂಕ ಕೊಡುತ್ತಿದ್ದರು.

ಅವರ ಮನಸ್ಸು ಇದ್ದದ್ದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮೇಲೆ. ವೇಬರ್ ನಮ್ಮ ಸಿಲಬಸ್‌ನಲ್ಲೇ ಇರಲಿಲ್ಲ. ಆದರೂ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ನಡೆಸಿಕೊಂಡು ಹೋದರು. ತಾಳೆಗರಿಯ ಕಟ್ಟುಗಳನ್ನು ನಾನು ಮೊದಲು ಕಂಡದ್ದು ಅಲ್ಲೇ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿ ಅದು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಅಲ್ಲಿಗೆ ಕೊಟ್ಟ ಗ್ರಂಥ ಲಿಪಿಯ ಪ್ರತಿಯೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಎಂಬುದನ್ನು 1905ರಲ್ಲಿ ಕಂಡುಹಿಡಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಅಲ್ಲಿವರೆಗೆ ಆ ಹೆಸರು ಬೇರೆ ಗ್ರಂಥಗಳ ಉಲ್ಲೇಖದಲ್ಲಿ ಮಾತ್ರ ಉಳಿದಿತ್ತು.

ಅಲ್ಲಿ ನಿಂತುಕೊಂಡೇ ಮೇಷ್ಟ್ರು ನಮ್ಮನ್ನು 1919ರ ಜನವರಿ 28ಕ್ಕೆ, ಮ್ಯೂನಿಕ್ ನಗರಕ್ಕೆ ಕರೆದೊಯ್ದರು. ಜರ್ಮನಿ ಮೊದಲ ಮಹಾಯುದ್ಧ ಸೋತು ಮೂರು ತಿಂಗಳೂ ಆಗಿರಲಿಲ್ಲ. ಚಕ್ರವರ್ತಿ ಓಡಿಹೋಗಿದ್ದ. ಎರಡು ವಾರದ ಕೆಳಗಷ್ಟೇ ಬರ್ಲಿನ್‌ನಲ್ಲಿ ಕಮ್ಯುನಿಸ್ಟ್ ನಾಯಕಿ ರೋಸಾ ಲಕ್ಸೆಂಬರ್ಗ್‌ಳನ್ನು ಸೈನಿಕರು ಕೊಂದು ಕಾಲುವೆಗೆ ಎಸೆದಿದ್ದರು. ಸ್ವಾತಂತ್ರ್ಯ ಅಂದರೆ ಯಾವಾಗಲೂ ಬೇರೆ ರೀತಿ ಯೋಚಿಸುವವರ ಸ್ವಾತಂತ್ರ್ಯ ಅಂತ ಬರೆದವಳು ಆಕೆ. ಅದನ್ನು ಬರೆದದ್ದು ಎದುರು ಪಕ್ಷದವರಿಗೆ ಹೇಳಲಿಕ್ಕಲ್ಲ, ರಷ್ಯಾದಲ್ಲಿ ಗೆದ್ದಿದ್ದ ತನ್ನದೇ ಕಡೆಯವರಿಗೆ ಹೇಳಲಿಕ್ಕೆ. ಮೇಷ್ಟ್ರು ಕೇಳುತ್ತಿದ್ದ 'ಯಾರಿಗೆ' ಎಂಬ ಪ್ರಶ್ನೆಯ ತೂಕ ನನಗೆ ತಿಳಿದದ್ದು ಆ ಮಾತಿನಿಂದ.

ಇಂಥ ಹೊತ್ತಿನಲ್ಲಿ ಮ್ಯೂನಿಕ್ಕಿನ ವಿದ್ಯಾರ್ಥಿಗಳು ವೇಬರ್‌ನನ್ನು ಭಾಷಣಕ್ಕೆ ಕರೆದಿದ್ದರು. ಒಂದು ಪ್ರದೇಶದಲ್ಲಿ ನ್ಯಾಯಸಮ್ಮತ ಬಲಪ್ರಯೋಗ ತನಗೆ ಮಾತ್ರ ಸೇರಿದ್ದು ಅಂತ ಹೇಳಿ ಅದನ್ನು ಸಾಧಿಸಿಕೊಳ್ಳುವ ಸಮುದಾಯವೇ ರಾಜ್ಯ ಅಂತ ಅವನು ಹೇಳಿದ್ದು ಅಲ್ಲೇ. ಗೈಡಿನಲ್ಲಿ ಈ ಒಂದು ವಾಕ್ಯ ಸಿಗುತ್ತದೆ. ಸಿಗದಿರುವುದು ಅದರ ಮುಂದಿನ ಭಾಗ. ಬಲಪ್ರಯೋಗ ಕೈಗೆ ಬಂದಮೇಲೆ ಒಳ್ಳೆಯ ಮನಸ್ಸು ಇದ್ದರೆ ಸಾಲದು, ನಿನ್ನ ನಿರ್ಧಾರದಿಂದ ಏನೇನು ಆಯಿತೋ ಅದಕ್ಕೆಲ್ಲ ನೀನೇ ಹೊಣೆ ಅಂತ ಅವನು ಆ ಹುಡುಗರಿಗೆ ಹೇಳಿದ. ರಾಜಕೀಯ ಅಂದರೆ ಗಟ್ಟಿ ಹಲಗೆಯನ್ನು ನಿಧಾನವಾಗಿ ಕೊರೆಯುವ ಕೆಲಸ, ಅದಕ್ಕೆ ಹುಮ್ಮಸ್ಸೂ ಬೇಕು, ಅಳತೆಯೂ ಬೇಕು ಅಂದ. ಅದೇ ಭಾಷಣದಲ್ಲಿ ಕೌಟಿಲ್ಯನ ಹೆಸರು ಬರುತ್ತದೆ. ಅರ್ಥಶಾಸ್ತ್ರದ ಮುಂದೆ ಮೆಕಿಯಾವೆಲ್ಲಿಯ 'ಪ್ರಿನ್ಸ್' ಏನೂ ಅಲ್ಲ ಅಂತ ವೇಬರ್ ಹೇಳಿದ. ಮೈಸೂರಿನಲ್ಲಿ ಅಚ್ಚಾಗಿ ಹತ್ತೇ ವರ್ಷಕ್ಕೆ ಆ ಪುಸ್ತಕ ಸೋತ ಜರ್ಮನಿಯ ಹುಡುಗರ ಮುಂದೆ ಚರ್ಚೆಗೆ ಬಂದಿತ್ತು. ಲೈಬ್ರರಿಯ ಆ ತಂಪು ಕೋಣೆಯಲ್ಲಿ ಮೇಷ್ಟ್ರ ಧ್ವನಿ ಏರಿದ್ದು ನನಗಿನ್ನೂ ನೆನಪಿದೆ.

ಹತ್ತು ವರ್ಷ ಬಿಟ್ಟು ಇದನ್ನೇ ಮತ್ತೆ ಮಾತಾಡೋಣ ಅಂತ ವೇಬರ್ ಆ ಹುಡುಗರಿಗೆ ಹೇಳಿದ್ದ. ಮುಂದೆ ಕತ್ತಲೆಯ ಕಾಲ ಬರುತ್ತದೆ ಅಂತಲೂ ಹೇಳಿದ್ದ. 1920ರ ಜೂನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಸೋತ ಜರ್ಮನಿ 1919ರಲ್ಲಿ ಬರೆದುಕೊಂಡ ವೈಮರ್ ಸಂವಿಧಾನದಲ್ಲಿ ಜನರೇ ಆರಿಸುವ ಬಲವಾದ ಅಧ್ಯಕ್ಷ ಇರಬೇಕು ಅಂತ ವಾದಿಸಿದವರಲ್ಲಿ ಅವನೂ ಒಬ್ಬ. ಅದೇ ಸಂವಿಧಾನದ 48ನೇ ವಿಧಿ ಅಧ್ಯಕ್ಷನಿಗೆ ತುರ್ತು ಅಧಿಕಾರ ಕೊಟ್ಟಿತ್ತು. 1933ರ ಫೆಬ್ರವರಿ 27ರ ರಾತ್ರಿ ಬರ್ಲಿನ್‌ನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಹಿಟ್ಲರ್ ಸರ್ಕಾರ ಆ ವಿಧಿ ಬಳಸಿ ಮುಖ್ಯ ನಾಗರಿಕ ಹಕ್ಕುಗಳನ್ನು ಅಮಾನತು ಮಾಡಿಸಿತು. ಯಾರು ಕಾನೂನನ್ನು ಬದಿಗಿಡುವ ತುರ್ತು ಸ್ಥಿತಿಯನ್ನು ನಿರ್ಧರಿಸುತ್ತಾನೋ ಅವನೇ ಸಾರ್ವಭೌಮ ಅಂತ 1922ರಲ್ಲೇ ಬರೆದಿದ್ದ ಕಾನೂನು ಪಂಡಿತ ಕಾರ್ಲ್ ಶ್ಮಿಟ್ ಆ ಮೇ ತಿಂಗಳಲ್ಲಿ ನಾಜಿ ಪಕ್ಷ ಸೇರಿದ. ಬುದ್ಧಿವಂತಿಕೆ ಇದ್ದರೆ ಮನುಷ್ಯ ಸರಿಯಾದ ಕಡೆ ನಿಲ್ಲುತ್ತಾನೆ ಎಂಬ ನಂಬಿಕೆಯನ್ನು ಶ್ಮಿಟ್ ಒಬ್ಬನೇ ಸುಳ್ಳು ಮಾಡುತ್ತಾನೆ.

ಆ ಬೆಂಕಿಯ ದಿನದಿಂದ ಸುಮ್ಮನೆ ನೋಡುತ್ತಾ ಇರಲು ತನಗೆ ಆಗಲಿಲ್ಲ ಅಂತ ಮುಂದೆ ಹೇಳಿದವಳು ರಾಜಕೀಯ ಚಿಂತಕಿ ಹನ್ನಾ ಅರೆಂಟ್. ಆಗ ಆಕೆಗೆ 26 ವರ್ಷ. ಯಹೂದಿ ಹೆಣ್ಣುಮಗಳು. ಅದೇ ವರ್ಷ ಪೊಲೀಸರು ಹಿಡಿದರು, ಬಿಟ್ಟರು. ಆಮೇಲೆ ದೇಶ ಬಿಟ್ಟು ಪ್ಯಾರಿಸ್ ಸೇರಿದಳು. 1940ರಲ್ಲಿ ಫ್ರಾನ್ಸಿನ ಗೂರ್ಸ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿಂದ ತಪ್ಪಿಸಿಕೊಂಡು 1941ರಲ್ಲಿ ನ್ಯೂಯಾರ್ಕ್ ಮುಟ್ಟಿದಳು. ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ಅಲ್ಲಿಯವರೆಗೆ ವರ್ಷಗಟ್ಟಲೆ ಆಕೆ ಯಾವ ದೇಶಕ್ಕೂ ಸೇರಿರಲಿಲ್ಲ. ಸರ್ವಾಧಿಕಾರದ ಮೂಲಗಳ ಬಗ್ಗೆ ಆಕೆ ಬರೆದ ದೊಡ್ಡ ಪುಸ್ತಕ ಬಂದದ್ದೂ ಅದೇ ವರ್ಷ. ಮನುಷ್ಯನಿಗೆ ಹುಟ್ಟಿನಿಂದ ಹಕ್ಕುಗಳಿವೆ ಅಂತ ಎಲ್ಲ ಘೋಷಣೆಗಳೂ ಹೇಳುತ್ತವೆ. ಆದರೆ ದೇಶ ಕಳೆದುಕೊಂಡು ಬರೀ ಮನುಷ್ಯನಾಗಿ ನಿಂತವನ ಹಕ್ಕನ್ನು ಯಾರೂ ಕೇಳಲಿಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ಬೇಕಾದ್ದು ಹಕ್ಕುಗಳನ್ನು ಹೊಂದುವ ಹಕ್ಕು ಅಂತ ಆಕೆ ಬರೆದಳು.

ಅರೆಂಟ್ ಬೆಳೆದದ್ದು ಕ್ಯೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ. ಅದು 18ನೇ ಶತಮಾನದ ತತ್ವಜ್ಞಾನಿ ಕಾಂಟ್‌ನ ಊರು. ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಕಾಂಟ್‌ನನ್ನು ಮೇಷ್ಟ್ರು ಕಲಿಸಿದ್ದು ಅರೆಂಟ್ ಆದಮೇಲೆ, ಹಿಂದುಮುಂದಾಗಿ. 1794ರಲ್ಲಿ ಪ್ರಷ್ಯಾದ ರಾಜ ಅವನಿಗೆ ಧರ್ಮದ ಬಗ್ಗೆ ಬರೆಯಬೇಡ ಅಂತ ಕಟ್ಟಪ್ಪಣೆ ಮಾಡಿದ. ಕಾಂಟ್ ಒಪ್ಪಿದ. ಮಾರನೇ ವರ್ಷ, 71ನೇ ವಯಸ್ಸಿನಲ್ಲಿ, ರಾಜರೇ ಮಾಡುವ ಯುದ್ಧಗಳ ಬಗ್ಗೆ ಬರೆದ. 'ಶಾಶ್ವತ ಶಾಂತಿ' ಎಂಬ ಆ ಸಣ್ಣ ಪುಸ್ತಕ ಎಲ್ಲ ವಿದೇಶಿಯರಿಗೂ ಆತಿಥ್ಯದ ಹಕ್ಕು ಇದೆ ಅನ್ನುತ್ತದೆ. ಕೂಡಲೇ ಇನ್ನೊಂದು ಮಾತು ಸೇರಿಸುತ್ತದೆ: ಆ ಹಕ್ಕು ಬಂದು ಹೋಗಲಿಕ್ಕೆ, ಊರನ್ನೇ ನುಂಗಲಿಕ್ಕಲ್ಲ. ಹಿಂದೂಸ್ತಾನದಲ್ಲಿ ಯೂರೋಪಿನವರು ವ್ಯಾಪಾರದ ಕೋಠಿಯ ನೆಪದಲ್ಲಿ ಸೈನ್ಯ ತಂದು ಜನರನ್ನು ತುಳಿದರು, ರಾಜ್ಯಗಳ ನಡುವೆ ಯುದ್ಧ ಹಚ್ಚಿದರು, ಬರಗಾಲ ತಂದರು ಅಂತ ಅಲ್ಲಿ ನೇರವಾಗಿ ಬರೆದಿದ್ದಾನೆ. ಇದು 1795. ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಗಿ ಹೋಗಿ ಮೂರು ವರ್ಷ. ಕೋಟೆ ಬೀಳಲು ಇನ್ನು ನಾಲ್ಕು ವರ್ಷ. ಇದೇ ಕಾಂಟ್ ತನ್ನ ಪಾಠಗಳಲ್ಲಿ ಜನಾಂಗಗಳನ್ನು ಮೇಲು ಕೀಳು ಅಂತ ವಿಂಗಡಿಸಿದ್ದನ್ನೂ ಮೇಷ್ಟ್ರು ಮುಚ್ಚಿಡಲಿಲ್ಲ.

ನಾನು ಮುಂದೆ ಕಾನೂನು ಓದಿದೆ. ಅಲ್ಲಿ ಮತ್ತೊಬ್ಬ ಜರ್ಮನ್ ಎದುರಾದ. ಹೈಡೆಲ್‌ಬರ್ಗಿನ ಡೀಟರ್ ಕಾನ್ರಾಡ್. 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡುತ್ತಾ, ಮೂರನೇ ಎರಡು ಬಹುಮತ ಇದ್ದರೆ ನಿಮ್ಮ ಸಂಸತ್ತು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯನ್ನೇ ತೆಗೆದುಹಾಕಬಹುದೇ ಅಂತ ಕೇಳಿದ್ದ. ಅವನ ಹಿಂದೆ ವೈಮರ್‌ನ ಅನುಭವ ಇತ್ತು. 1949ರ ಹೊಸ ಜರ್ಮನ್ ಸಂವಿಧಾನ ತನ್ನ ಕೆಲವು ಮೂಲ ತತ್ವಗಳನ್ನು ಯಾವ ಬಹುಮತವೂ ತಿದ್ದುವಂತಿಲ್ಲ ಅಂತ ಬರೆದುಕೊಂಡಿತ್ತು. ಕಾನ್ರಾಡ್‌ನ ವಾದ ವಕೀಲ ಎಂ.ಕೆ. ನಂಬಿಯಾರ್ ಅವರ ಮೂಲಕ ಸುಪ್ರೀಂ ಕೋರ್ಟ್ ಮುಟ್ಟಿತು. 1973ರ ಏಪ್ರಿಲ್ 24ರಂದು ಬಂದ ಕೇಶವಾನಂದ ಭಾರತಿ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅದನ್ನು ಉಲ್ಲೇಖಿಸಿದರು. 13 ನ್ಯಾಯಮೂರ್ತಿಗಳಲ್ಲಿ 7 ಜನರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಅಂತಾಯಿತು. ಅರ್ಜಿ ಹಾಕಿದ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ಯಕ್ಷಗಾನಕ್ಕೆ ಆಸರೆಯಾಗಿದ್ದವರು. ಇದನ್ನು ಓದಿದ ದಿನವೇ ಮೇಷ್ಟ್ರಿಗೆ ಕಾಗದ ಬರೆದೆ. "ಎಡನೀರು ನಮ್ಮ ಮನೆಯಿಂದ ದೂರ ಇಲ್ಲ. ಕ್ಲಾಸಿನಲ್ಲಿ ಹೇಳಬೇಕು ಅಂತಿದ್ದೆ, ನೀನೇ ಕಂಡುಕೊಳ್ಳಲಿ ಅಂತ ಬಿಟ್ಟೆ" ಅಂತ ಉತ್ತರ ಬಂತು.

ಮೇಷ್ಟ್ರು ಈಗ ನಿವೃತ್ತರಾಗಿ ಊರಿನಲ್ಲಿದ್ದಾರೆ. ಫೋನ್ ಮಾಡಿದರೆ ನಮ್ಮ ಹಳೇ ಜಗಳ ಶುರು. ಅವರಿಗೆ ಎಲ್ಲರಿಗಿಂತ ವೇಬರ್ ದೊಡ್ಡವನು, ಅಧಿಕಾರದ ಹತ್ತಿರ ನಿಂತು ಅದರ ಬಿಸಿಯನ್ನು ಅಳೆದವನು ಅಂತ. ನಾನು ಅರೆಂಟ್ ಪಕ್ಷ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಜನ ನನ್ನ ಆಫೀಸಿಗೆ ಬರುತ್ತಾರೆ. ನನಗೆ ಸೇರಬೇಕಾದ್ದು ಕೊಡಿಸಿ ಅಂತ ಕೇಳುವ ಮೊದಲು, ನಾನು ಈ ಊರಿನವನು ಅಂತ ಬರೆಸಿಕೊಡಿ ಅಂತ ಅವರು ಕೇಳುತ್ತಾರೆ. ವೇಬರ್ ರಾಜ್ಯ ಹೇಗೆ ನಡೆಯುತ್ತದೆ ಅಂತ ಹೇಳಿದ. ಅದರ ಪುಸ್ತಕದಲ್ಲಿ ಹೆಸರೇ ಇಲ್ಲದವರ ಕಡೆಯಿಂದ ಅದನ್ನು ನೋಡಿದವಳು ಅರೆಂಟ್. ಮೇಷ್ಟ್ರು ಇದನ್ನು ಈವರೆಗೂ ಒಪ್ಪಿಲ್ಲ.